ಸಣ್ಣ ದೋಣಿಗೆ ಎಷ್ಟು ಅಶ್ವಶಕ್ತಿಯ ಯಂತ್ರವು ತಕ್ಕದ್ದು?

ಬಯಲುಸೀಮೆಯ ಒಕ್ಕಲಿಗನಿಗೆ ಗಾಡಿಯು ಎಷ್ಟು ಅವಶ್ಯಕವೋ, ಹೊಳೆಯ ನಡುವಣ ಜಮೀನುಗಳುಳ್ಳವರಿಗೆ ದೋಣಿಯೂ ಅಷ್ಟೇ ಅವಶ್ಯಕವಾದುದು. ಕುಂದಾಪುರದ ಬಳಿ ಐದು ಹೊಳೆಗಳು ಕೂಡುವೆಡೆಯಲ್ಲಿಯೂ, ಸ್ವರ್ಣಾ, ಸೀತಾ, ನೇತ್ರಾವತಿ ಮುಂತಾದ ನದಿಗಳ ಅಳಿವೆಗಳಲ್ಲಿಯೂ ಕುದ್ರುಗಳೆಂಬ ನಡುಗಡ್ಡೆಗಳುಂಟು. ಅಲ್ಲಿನ ತೆಂಗಿನ ತೋಟಗಳಿಗೆ ಗೊಬ್ಬರವನ್ನು ಒಯ್ಯುವುದಕ್ಕೂ, ಕಾಯಿಗಳನ್ನು ದಡಕ್ಕೆ ತರುವುದಕ್ಕೂ ನೀರಿನ ದಾರಿಯೇ ಬೇಕಾಗುವ ಸ್ಥಳಗಳು ಹಲವಿವೆ. ಮಲೆನಾಡಿನಲ್ಲಿ ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದ ತರುವಾಯ ನೀರು ನಿಂತು, ಅನೇಕ ಗ್ರಾಮಗಳು ಹಿನ್ನೀರಿನ ಆಚೆಯ ದಡಕ್ಕೆ ಬಿದ್ದವು. ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ 2025ರ ಜುಲೈ ತಿಂಗಳಲ್ಲಿ ದೊಡ್ಡ ಸೇತುವೆಯು ತೆರೆಯಲ್ಪಟ್ಟು ಆ ಭಾಗದ ಜನರಿಗೆ ಮಹದುಪಕಾರವಾಯಿತು. ಆದರೆ ಪ್ರತಿಯೊಂದು ತೋಟಕ್ಕೂ ಪ್ರತಿಯೊಂದು ಗದ್ದೆಗೂ ಸೇತುವೆ ಕಟ್ಟುವುದು ಆಗತಕ್ಕ ಮಾತಲ್ಲ. ಇಂಥಾ ಸ್ಥಳಗಳಲ್ಲಿ ಹುಟ್ಟು ಹಾಕುವ ಆಳುಗಳು ದೊರೆಯುವುದು ದುರ್ಲಭವಾದಂತೆಲ್ಲಾ, ದೋಣಿಯ ಹಿಂದುಗಡೆ ತಗಲಿಸುವ ಔಟ್‌ಬೋರ್ಡ್ ಯಂತ್ರವನ್ನು ಕೊಳ್ಳುವವರ ಸಂಖ್ಯೆಯು ಹೆಚ್ಚುತ್ತಿದೆ.

ಯಂತ್ರವನ್ನು ಕೊಳ್ಳಹೋದವರು ಅಂಗಡಿಯಲ್ಲಿ ಮೊದಲು ಎದುರಿಸಬೇಕಾದ ಪ್ರಶ್ನೆಯು ಅಶ್ವಶಕ್ತಿಯದು. ಎರಡು ಅಶ್ವಶಕ್ತಿಯಿಂದ ಮೊದಲುಗೊಂಡು ನೂರಕ್ಕೂ ಮೇಲ್ಪಟ್ಟ ಅಶ್ವಶಕ್ತಿಯವರೆಗೆ ಯಂತ್ರಗಳುಂಟು. “ಶಕ್ತಿ ಹೆಚ್ಚಾದಷ್ಟೂ ಒಳ್ಳೆಯದು, ದುಡ್ಡಿದ್ದರೆ ದೊಡ್ಡದನ್ನೇ ಕೊಳ್ಳಬೇಕು” ಎಂಬ ಅಭಿಪ್ರಾಯವು ಸಾಧಾರಣವಾಗಿ ಎಲ್ಲರಲ್ಲಿಯೂ ಕಂಡುಬರುತ್ತದೆ. ನೀರಾವರಿಯ ಪಂಪಿನ ವಿಷಯದಲ್ಲಿಯೂ ಇದೇ ಅಭಿಪ್ರಾಯದಿಂದ ಎಷ್ಟೋ ಮಂದಿ ನಷ್ಟಪಟ್ಟಿರುವರು. ದೋಣಿಯ ವಿಷಯದಲ್ಲಾದರೋ ನಷ್ಟವು ದ್ರವ್ಯಕ್ಕೆ ಮಾತ್ರ ನಿಲ್ಲದೆ ಪ್ರಾಣಕ್ಕೂ ತಗಲುವುದರಿಂದ, ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ತಿಳಿಸುವುದು ಯುಕ್ತವೆಂದು ತೋರುತ್ತದೆ.

ಅಶ್ವಶಕ್ತಿ ಎಂದರೇನು?

ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್ ಎಂಬಾತನು ತನ್ನ ಯಂತ್ರಗಳನ್ನು ಮಾರುವಾಗ, ಅವು ಎಷ್ಟು ಕುದುರೆಗಳ ಕೆಲಸವನ್ನು ಮಾಡಬಲ್ಲವೆಂಬುದನ್ನು ಕೊಳ್ಳುವವರಿಗೆ ತಿಳಿಸುವುದಕ್ಕಾಗಿ ಈ ಅಳತೆಯನ್ನು ಗೊತ್ತುಮಾಡಿದನು. ಸುಮಾರು 75 ಕಿಲೋಗ್ರಾಂ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಮೇಲಕ್ಕೆತ್ತುವ ಶಕ್ತಿಯೇ ಒಂದು ಅಶ್ವಶಕ್ತಿ. ಗಟ್ಟಿಮುಟ್ಟಾದ ಆಳು ದಿನವೆಲ್ಲಾ ಬೇಸರವಿಲ್ಲದೆ ದುಡಿಯಬಲ್ಲ ಶಕ್ತಿಯು ಇದರ ಹತ್ತರಲ್ಲೊಂದು ಪಾಲು ಮಾತ್ರ. ಎಂದಮೇಲೆ, ಇಬ್ಬರು ಅಂಬಿಗರು ಹುಟ್ಟು ಹಾಕಿ ನಡೆಸುತ್ತಿದ್ದ ದೋಣಿಯು ಒಂದು ಅಶ್ವಶಕ್ತಿಯ ಐದರಲ್ಲೊಂದು ಪಾಲಿನಿಂದಲೇ ನಡೆಯುತ್ತಿತ್ತೆಂದಾಯಿತು. ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು. ನೀರಿನ ಮೇಲೆ ಭಾರವನ್ನು ಮೆಲ್ಲಗೆ ಸಾಗಿಸುವುದಕ್ಕೆ ಬೇಕಾಗುವ ಶಕ್ತಿಯು ಬಹಳ ಸ್ವಲ್ಪ.

ಔಟ್‌ಬೋರ್ಡ್ ಯಂತ್ರದ ಚರಿತ್ರೆಯೂ ಇದನ್ನೇ ಹೇಳುತ್ತದೆ. ನಾರ್ವೆ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ ಎಂಬ ಕುಶಲಿಯು 1909ರಲ್ಲಿ ಮಾರಾಟಕ್ಕಿಟ್ಟ ಯಂತ್ರವು ಕೇವಲ ಒಂದೂವರೆ ಅಶ್ವಶಕ್ತಿಯದು. ಅದಕ್ಕೆ ಮುಂಚೆ ಬೇರೆಯವರೂ ಇಂಥಾ ಯಂತ್ರಗಳನ್ನು ಮಾಡಿದ್ದರಾದರೂ ಜನರಲ್ಲಿ ಬಹಳವಾಗಿ ಬಳಕೆಗೆ ಬಂದುದು ಈತನದು. ಹುಟ್ಟು ಹಾಕುವ ತೋಳಿನ ಶ್ರಮವನ್ನು ತಪ್ಪಿಸುವುದಕ್ಕೆ ಅಷ್ಟು ಶಕ್ತಿಯೇ ಧಾರಾಳವಾಗಿ ಸಾಕಾಯಿತು.

ನೀರು ದೋಣಿಯನ್ನು ತಡೆಯುವ ಬಗೆ

ಗಾಡಿಗೆ ಒಂದು ಜೊತೆ ಎತ್ತಿನ ಬದಲು ಎರಡು ಜೊತೆ ಕಟ್ಟಿದರೆ ಹೊರೆಯನ್ನು ಹೆಚ್ಚಿಸಬಹುದು. ದೋಣಿಗೆ ಎರಡರಷ್ಟು ಅಶ್ವಶಕ್ತಿಯನ್ನು ಕಟ್ಟಿದರೆ ವೇಗವು ಎರಡರಷ್ಟಾಗುತ್ತದೆಂದು ತಿಳಿಯುವುದು ಮಾತ್ರ ತಪ್ಪು. ದೋಣಿಯು ಮುಂದುವರಿಯುವಾಗ ನೀರನ್ನು ಸೀಳಿ ಎರಡು ಪಕ್ಕಗಳಿಗೂ ತಳ್ಳಬೇಕಾಗುವುದರಿಂದ, ಮುಂಭಾಗದಲ್ಲಿ ಒಂದು ಅಲೆಯೂ ಹಿಂಭಾಗದಲ್ಲಿ ಮತ್ತೊಂದು ಅಲೆಯೂ ಏಳುತ್ತವೆ. ವೇಗವು ಹೆಚ್ಚಿದಂತೆ ಈ ಎರಡು ಅಲೆಗಳ ನಡುವಣ ದೂರವು ಹೆಚ್ಚುತ್ತಾ ಬಂದು, ಕಡೆಗೆ ದೋಣಿಯ ಉದ್ದಕ್ಕೆ ಸರಿಯಾಗುತ್ತದೆ. ಆಗ ದೋಣಿಯು ಎರಡು ಅಲೆಗಳ ನಡುವಣ ತಗ್ಗಿನಲ್ಲಿ ಕುಳಿತಂತಾಗುತ್ತದೆ. ಇನ್ನೂ ವೇಗವಾಗಿ ಹೋಗಬೇಕೆಂದರೆ ತಾನೇ ಎಬ್ಬಿಸಿದ ಅಲೆಯ ದಿಬ್ಬವನ್ನು ತಾನೇ ಹತ್ತಬೇಕು. ಭಾರವಾದ ದೋಣಿಯು ಇದನ್ನು ಹತ್ತಲಾರದು. ಯಂತ್ರವನ್ನು ಎಷ್ಟು ಜೋರಾಗಿ ಬಿಟ್ಟರೂ ದೋಣಿಯ ಹಿಂಭಾಗವು ನೀರಿನಲ್ಲಿ ಕುಸಿದು ಮೂತಿಯು ಮೇಲಕ್ಕೇಳುವುದೇ ಹೊರತು ವೇಗವು ಅಷ್ಟಾಗಿ ಹೆಚ್ಚುವುದಿಲ್ಲ.

ಈ ನಿಯಮವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಫ್ರೌಡ್ ಎಂಬ ಇಂಗ್ಲಿಷ್ ಯಂತ್ರಶಿಲ್ಪಿಯು ಹಡಗುಗಳ ಸಣ್ಣ ಮಾದರಿಗಳನ್ನು ತೊಟ್ಟಿಯ ನೀರಿನಲ್ಲಿ ಎಳೆದು ಪರೀಕ್ಷೆಮಾಡಿ ವಿಶದಪಡಿಸಿದನು. ಅದರಿಂದ ಹೊರಡುವ ಲೆಕ್ಕವು ಸುಲಭವಾದುದು. ನೀರಿಗೆ ತಾಗಿರುವ ದೋಣಿಯ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು ಎರಡೂವರೆಯಿಂದ ಗುಣಿಸಿದರೆ, ಭಾರ ಹೊತ್ತ ದೋಣಿಯು ಸಹಜವಾಗಿ ಹೋಗಬಲ್ಲ ಮೇಲ್ಮಟ್ಟದ ವೇಗವು ಗಂಟೆಗೆ ಇಷ್ಟು ಕಿಲೋಮೀಟರು ಎಂದು ಹೆಚ್ಚುಕಡಿಮೆ ದೊರೆಯುತ್ತದೆ.

12 ಅಡಿ ಉದ್ದದ ದೋಣಿಗೆ ಗಂಟೆಗೆ ಸುಮಾರು 8½ ಕಿಲೋಮೀಟರು.
16 ಅಡಿ ಉದ್ದದ ದೋಣಿಗೆ ಗಂಟೆಗೆ ಸುಮಾರು 10 ಕಿಲೋಮೀಟರು.
20 ಅಡಿ ಉದ್ದದ ದೋಣಿಗೆ ಗಂಟೆಗೆ ಸುಮಾರು 11 ಕಿಲೋಮೀಟರು.
25 ಅಡಿ ಉದ್ದದ ದೋಣಿಗೆ ಗಂಟೆಗೆ ಸುಮಾರು 12½ ಕಿಲೋಮೀಟರು.

ಈ ಮಟ್ಟಕ್ಕೆ ಕೆಳಗೆ ಕೂಡಾ ಶಕ್ತಿಯು ವೇಗಕ್ಕಿಂತ ಬಹು ಬೇಗನೆ ಬೆಳೆಯುತ್ತದೆ. ವೇಗವನ್ನು ಕಾಲುಭಾಗ ಹೆಚ್ಚಿಸಬೇಕಾದರೆ ಶಕ್ತಿಯು ಹೆಚ್ಚುಕಡಿಮೆ ಇಮ್ಮಡಿಯಾಗಬೇಕು. ಹಾಗೆಯೇ ಪೂರ್ಣ ವೇಗದಲ್ಲಿ ಐದರಲ್ಲೊಂದು ಪಾಲನ್ನು ತಗ್ಗಿಸಿದರೆ ಬೇಕಾಗುವ ಶಕ್ತಿಯು ಅರ್ಧಕ್ಕೆ ಇಳಿಯುತ್ತದೆ. ಇಂಧನವನ್ನು ಮಿಗಿಸುವುದಕ್ಕೆ ಇದಕ್ಕಿಂತ ಸುಲಭವಾದ ಉಪಾಯವು ಬೇರೊಂದಿಲ್ಲ.

ದೋಣಿಗಳಲ್ಲಿ ಎರಡು ಜಾತಿ

ಮೇಲ್ಕಂಡ ಮಾತು ನೀರನ್ನು ಸೀಳಿಕೊಂಡು ಹೋಗುವ ದೋಣಿಗಳಿಗೆ ಸಂಬಂಧಪಟ್ಟುದು. ದುಂಡು ತಳದ ಮರದ ದೋಣಿಗಳೂ, ಸರಕು ಸಾಗಿಸುವ ಭಾರದ ದೋಣಿಗಳೂ, ಕಡವಿನ ದೋಣಿಗಳೂ ಈ ಜಾತಿಗೆ ಸೇರಿದುವು. ಎರಡನೆಯ ಜಾತಿಯು ನೀರಿನ ಮೇಲಕ್ಕೆದ್ದು ಜಾರಿಕೊಂಡು ಹೋಗತಕ್ಕುದು. ಇದಕ್ಕೆ ತಳವು ಹಿಂಭಾಗದಲ್ಲಿ ಚಪ್ಪಟೆಯಾಗಿಯೂ ಅಗಲವಾಗಿಯೂ ಇರಬೇಕು. ಮೇಲಾಗಿ ದೋಣಿಯು ಹಗುರವಾಗಿರಬೇಕು. ಅಲ್ಯೂಮಿನಿಯಂ ತಗಡಿನಿಂದಲೂ ಫೈಬರಿನಿಂದಲೂ ಮಾಡಿದ ವಿಹಾರದ ದೋಣಿಗಳಲ್ಲಿಯೂ ರಕ್ಷಣಾಕಾರ್ಯದ ದೋಣಿಗಳಲ್ಲಿಯೂ ಇಂಥವು ಹೆಚ್ಚು. ಹೀಗೆ ಜಾರಿಕೊಂಡು ಹೋಗಬೇಕಾದರೆ ಒಟ್ಟು ತೂಕದ ಪ್ರತಿ 15ರಿಂದ 20 ಕಿಲೋಗ್ರಾಮಿಗೆ ಸುಮಾರು ಒಂದು ಅಶ್ವಶಕ್ತಿಯು ಬೇಕಾಗುತ್ತದೆ. ಇಬ್ಬರು ಕುಳಿತ, ಒಟ್ಟು 300 ಕಿಲೋಗ್ರಾಂ ತೂಗುವ ದೋಣಿಗೆ ಇದು 15ರಿಂದ 20 ಅಶ್ವಶಕ್ತಿಯಾಯಿತು. ಗೊಬ್ಬರದ ಮೂಟೆಗಳನ್ನು ತುಂಬಿದ ಒಂದೂವರೆ ಟನ್ನಿನ ದೋಣಿಯನ್ನು ಹೀಗೆ ಹಾರಿಸಬೇಕೆಂದರೆ 75 ಅಶ್ವಶಕ್ತಿಯೂ ಸಾಲದೆ ಹೋದೀತು. ಅಷ್ಟು ಶಕ್ತಿಯನ್ನು ಆ ದೋಣಿಯ ಹಲಗೆಗಳು ತಾಳಲಾರವು. ಆದುದರಿಂದ ಜಮೀನುದಾರನು ಮೊದಲು ತನ್ನ ದೋಣಿಯು ಯಾವ ಜಾತಿಯದೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಬೇಸಾಯದ ಸರಕಿಗಾಗಿ ಉಪಯೋಗಿಸುವ ದೋಣಿಯು ಬಹುಮಟ್ಟಿಗೆ ಮೊದಲನೆಯ ಜಾತಿಯದೇ ಆಗಿರುತ್ತದೆ.

ಭಾರದ ಲೆಕ್ಕ

ಸೀಳಿಕೊಂಡು ಹೋಗುವ ದೋಣಿಗೆ, ನಿಂತ ನೀರಿನಲ್ಲಿ ನಿಧಾನದ ವೇಗಕ್ಕಾದರೆ, ಒಟ್ಟು ತೂಕದ ಪ್ರತಿ ಟನ್ನಿಗೆ ಎರಡರಿಂದ ಮೂರು ಅಶ್ವಶಕ್ತಿಯು ಸಾಕು. ಹೊಳೆಯ ಸೆಳವು, ಎದುರುಗಾಳಿ, ಅಳಿವೆಯ ಅಲೆ ಇವುಗಳಿಗೆ ಅವಕಾಶವಿಟ್ಟು ನಾಲ್ಕರಿಂದ ಐದು ಅಶ್ವಶಕ್ತಿ ಎಂದು ಹಿಡಿಯಬಹುದು. ಇಲ್ಲಿ ತೂಕವೆಂದರೆ ದೋಣಿಯ ತೂಕ ಮಾತ್ರವಲ್ಲ. ಜನ, ಸರಕು, ಯಂತ್ರ, ಇಂಧನ, ಮರದ ದೋಣಿಯು ಹೀರಿಕೊಂಡ ನೀರು ಇವೆಲ್ಲವೂ ಸೇರಿದುದು.

ಉದಾಹರಣೆಗಾಗಿ ಒಬ್ಬ ಜಮೀನುದಾರನಿಗೆ 20 ಅಡಿಯ ದೋಣಿಯಿದೆಯೆಂದು ಭಾವಿಸೋಣ. ದೋಣಿಯ ತೂಕ 350 ಕಿಲೋಗ್ರಾಂ. ಯಂತ್ರವೂ ಇಂಧನವೂ ಸೇರಿ 60. ನಾಲ್ಕು ಮಂದಿಯ ತೂಕ 260. ಸರಕು ಎಂಟು ಕ್ವಿಂಟಲ್, ಎಂದರೆ 800. ಒಟ್ಟು 1470 ಕಿಲೋಗ್ರಾಂ, ಹೆಚ್ಚುಕಡಿಮೆ ಒಂದೂವರೆ ಟನ್ನು. ಹಿನ್ನೀರಿನ ನಿಂತ ನೀರಿನಲ್ಲಿ ಇದಕ್ಕೆ ನಾಲ್ಕೈದು ಅಶ್ವಶಕ್ತಿಯ ಯಂತ್ರವು ಸಾಕಾಗುತ್ತದೆ. ಸೆಳವುಳ್ಳ ಹೊಳೆಯಲ್ಲಾದರೆ ಆರರಿಂದ ಎಂಟು ಅಶ್ವಶಕ್ತಿಯದು ತಕ್ಕದ್ದು. ಎಂಟು ಅಶ್ವಶಕ್ತಿಯ ಯಂತ್ರದಿಂದ ಈ ದೋಣಿಯು ತುಂಬಿದ ಭಾರದಲ್ಲಿ ಗಂಟೆಗೆ ಹತ್ತು ಕಿಲೋಮೀಟರಿನಷ್ಟು ಹೋಗಬಹುದೆಂದು ನಿರೀಕ್ಷಿಸಬಹುದು.

ಈ ಜಮೀನುದಾರನು ನೆರೆಯವರ ಮಾತನ್ನು ಕೇಳಿ 25 ಅಶ್ವಶಕ್ತಿಯ ಯಂತ್ರವನ್ನೇ ಕೊಂಡನೆಂದಿಟ್ಟುಕೊಳ್ಳೋಣ. ನಾಲ್ಕು ಹೊಡೆತದ ಪೆಟ್ರೋಲು ಯಂತ್ರವು ಪೂರ್ಣ ಬಲದಲ್ಲಿ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು ಮೂರರಲ್ಲೊಂದು ಲೀಟರಿನಷ್ಟು, ಹಳೆಯ ತರದ ಎರಡು ಹೊಡೆತದ ಯಂತ್ರವು ಸುಮಾರು ಅರ್ಧ ಲೀಟರಿನಷ್ಟು ಇಂಧನವನ್ನು ಉರಿಸುತ್ತದೆ. ಮೊದಲನೆಯ ತರದ್ದನ್ನೇ ಹಿಡಿದು ಅಶ್ವಶಕ್ತಿಗೆ 0.35 ಲೀಟರು ಎಂದಿಟ್ಟುಕೊಂಡರೆ, ಎಂಟು ಅಶ್ವಶಕ್ತಿಯ ಯಂತ್ರವು ಗಂಟೆಗೆ 2.8 ಲೀಟರನ್ನೂ 25 ಅಶ್ವಶಕ್ತಿಯದು 8¾ ಲೀಟರನ್ನೂ ಉರಿಸುವುವು. ದೊಡ್ಡ ಯಂತ್ರದಿಂದ ವೇಗವು ಹತ್ತರಿಂದ ಹನ್ನೆರಡಕ್ಕೆ ಏರೀತೆಂದು ಉದಾರವಾಗಿಯೇ ಒಪ್ಪೋಣ. ಹತ್ತು ಕಿಲೋಮೀಟರು ದಾರಿಯಲ್ಲಿ ಹತ್ತು ನಿಮಿಷವು ಉಳಿಯಿತು. ಆ ಹತ್ತು ನಿಮಿಷಕ್ಕಾಗಿ 2.8 ಲೀಟರಿಗೆ ಬದಲು 7.3 ಲೀಟರು ವೆಚ್ಚವಾಯಿತು. ವರ್ಷಕ್ಕೆ ಇನ್ನೂರು ದಿನ, ದಿನಕ್ಕೆ ಒಂದೇ ಸಾರಿ ಹೀಗೆ ಹೋದರೂ ಸುಮಾರು 900 ಲೀಟರು ಪೆಟ್ರೋಲು ನೀರಿನಲ್ಲಿ ಅಲೆಯನ್ನೆಬ್ಬಿಸುವುದಕ್ಕೇ ಹೋಯಿತೆಂದು ತಿಳಿಯಬೇಕು.

“ದೊಡ್ಡ ಯಂತ್ರವನ್ನು ಕೊಂಡು ಮೆಲ್ಲಗೆ ನಡೆಸಿದರಾಯಿತಲ್ಲವೆ?” ಎಂದು ಕೇಳುವವರುಂಟು. ಮೆಲ್ಲಗೆ ನಡೆಸಿದರೆ ಇಂಧನದ ವೆಚ್ಚವು ತಗ್ಗುವುದೇನೋ ನಿಜ. ಆದರೆ ಕೊಂಡ ಬೆಲೆಯು ತಗ್ಗುವುದಿಲ್ಲ. ಹಿಂಭಾಗದಲ್ಲಿ ತೂಗುವ ಭಾರವೂ ತಗ್ಗುವುದಿಲ್ಲ. ಎಂಟು ಅಶ್ವಶಕ್ತಿಯ ಯಂತ್ರವು ಸುಮಾರು 40 ಕಿಲೋಗ್ರಾಂ ತೂಗಿದರೆ, 25ರದು 60ರಿಂದ 70 ಕಿಲೋಗ್ರಾಂ ತೂಗುತ್ತದೆ. ಮೇಲಾಗಿ, ಯಂತ್ರವು ಒಂದು ದಿನ ಮನೆಯ ಯಜಮಾನನ ಕೈಯಲ್ಲಿದ್ದರೆ ಮತ್ತೊಂದು ದಿನ ಹುಡುಗರ ಕೈಯಲ್ಲಿರುತ್ತದೆ. ಕೈಯಲ್ಲಿರುವ ಬಲವನ್ನು ಪೂರ್ತಿಯಾಗಿ ಬಿಟ್ಟು ನೋಡಬೇಕೆಂಬ ಆಸೆಯು ಯೌವನಕ್ಕೆ ಸಹಜವಾದುದು.

ಮೇಲಿನ ಮಿತಿ

ಪ್ರತಿಯೊಂದು ದೋಣಿಗೂ ಇದಕ್ಕೆ ಮೀರಬಾರದೆಂಬ ಒಂದು ಮಿತಿಯುಂಟು. ಮಿತಿಮೀರಿದ ಯಂತ್ರವು ಹಿಂಭಾಗವನ್ನು ನೀರಿನ ಮಟ್ಟಕ್ಕೆ ತಗ್ಗಿಸುತ್ತದೆ. ಥಟ್ಟನೆ ಬಲವನ್ನು ಕಡಮೆಮಾಡಿದಾಗ ದೋಣಿಯೆಬ್ಬಿಸಿದ ಅಲೆಯೇ ಹಿಂದಿನಿಂದ ಬಂದು ಒಳಕ್ಕೆ ನುಗ್ಗುತ್ತದೆ. ಜೋರಿನಲ್ಲಿ ತಿರುಗಿಸಿದರೆ ದೋಣಿಯು ಒಂದು ಪಕ್ಕಕ್ಕೆ ವಾಲಿ, ಒಳಗಿನವರು ಹೊರಕ್ಕೆಸೆಯಲ್ಪಡುವರು. ಯಂತ್ರವನ್ನು ಕಚ್ಚಿಸಿರುವ ಹಿಂದಿನ ಹಲಗೆಯು ಸೀಳಿಹೋಗುವುದೂ ಉಂಟು.

ಅಮೆರಿಕ ದೇಶದಲ್ಲಿ 1971ರ ದೋಣಿ ಸಂರಕ್ಷಣಾ ಶಾಸನವಾದ ತರುವಾಯ, 20 ಅಡಿಗಿಂತ ಚಿಕ್ಕದಾದ ಯಂತ್ರದ ದೋಣಿಗಳಿಗೆ ಈ ಮಿತಿಯನ್ನು ಬರೆದ ತಗಡನ್ನು ಮಾಡಿದವರೇ ಜಡಿಯಬೇಕೆಂದು ನಿಯಮಿಸಿದರು. ಅದರ ಲೆಕ್ಕದ ಕ್ರಮವು ನಮಗೂ ಉಪಯೋಗವಾದುದು. ದೋಣಿಯ ಉದ್ದವನ್ನು ಹಿಂದಿನ ಹಲಗೆಯ ಅಗಲದಿಂದ, ಎರಡನ್ನೂ ಅಡಿಗಳಲ್ಲಿ ಹಿಡಿದು, ಗುಣಿಸಬೇಕು. ಗುಣಲಬ್ಧವು 35ರೊಳಗಿದ್ದರೆ 3 ಅಶ್ವಶಕ್ತಿ. 36ರಿಂದ 39ರವರೆಗೆ 5. 40ರಿಂದ 42ರವರೆಗೆ 7½. 43ರಿಂದ 45ರವರೆಗೆ 10. 46ರಿಂದ 52ರವರೆಗೆ 15. ತಳವು ಚಪ್ಪಟೆಯಾಗಿದ್ದು ಪಕ್ಕಗಳು ಮೂಲೆಯಾಗಿ ಮಡಿಚಿಕೊಂಡಿದ್ದರೆ ಒಂದು ಮೆಟ್ಟಲು ಇಳಿಸಬೇಕು. 12 ಅಡಿ ಉದ್ದ, 4 ಅಡಿ ಹಿಂದಗಲವುಳ್ಳ ದೋಣಿಗೆ ಗುಣಲಬ್ಧವು 48. ಅದಕ್ಕೆ ಮಿತಿಯು 15. ಚಪ್ಪಟೆ ತಳದ್ದಾದರೆ 10. ಇದಕ್ಕಿಂತ ದೊಡ್ಡ ದೋಣಿಗಳಿಗೆ ಬೇರೆ ಸೂತ್ರವುಂಟು.

ಇದು ಮೇಲಿನ ಮಿತಿಯೇ ಹೊರತು ಕೊಳ್ಳಬೇಕಾದ ಪ್ರಮಾಣವಲ್ಲವೆಂಬುದನ್ನು ಮರೆಯಬಾರದು. ಬಾವಿಯ ಹಗ್ಗವು ಎಷ್ಟು ಭಾರಕ್ಕೆ ತುಂಡಾಗುತ್ತದೆಂದು ತಿಳಿದಿರುವುದು ಒಳ್ಳೆಯದು. ಹಾಗೆಂದು ದಿನವೂ ಅಷ್ಟೇ ಭಾರವನ್ನು ಸೇದುವುದು ಜಾಣತನವಲ್ಲ. ಎರಡು ಕಡೆಯೂ ಚೂಪಾಗಿರುವ ನಮ್ಮ ಹಳೆಯ ತರದ ದೋಣಿಗಳಿಗೆ ಹಿಂದಿನ ಹಲಗೆಯೇ ಇರುವುದಿಲ್ಲವಾದ್ದರಿಂದ, ಅವುಗಳಿಗೆ ಈ ಗುಣಾಕಾರವು ಅನ್ವಯಿಸುವುದಿಲ್ಲ. ಅವಕ್ಕೆ ಪಕ್ಕದಲ್ಲಿ ಚೌಕಟ್ಟನ್ನು ಕಟ್ಟಿ ಚಿಕ್ಕ ಯಂತ್ರವನ್ನೇ ತಗಲಿಸತಕ್ಕದ್ದು.

ಸೆಳವಿನ ಲೆಕ್ಕ

ಇಷ್ಟನ್ನು ಓದಿ, ಎಲ್ಲಕ್ಕಿಂತ ಚಿಕ್ಕ ಯಂತ್ರವನ್ನು ಕೊಂಡರೆ ಸಾಕೆಂದು ಯಾರೂ ತಿಳಿಯಬಾರದು. ಶಕ್ತಿಯು ಸಾಲದ ದೋಣಿಯು ಸೆಳವಿಗೆ ಸಿಕ್ಕಿ ಬಂಡೆಗೋ ಸೇತುವೆಯ ಕಂಬಕ್ಕೋ ಅಪ್ಪಳಿಸುತ್ತದೆ. ಆದುದರಿಂದ ತನ್ನ ಹೊಳೆಯ ಸೆಳವೆಷ್ಟೆಂಬುದನ್ನು ಪ್ರತಿಯೊಬ್ಬನೂ ಅಳೆದು ತಿಳಿದಿರಬೇಕು. ಇದಕ್ಕೆ ಯಾವ ಉಪಕರಣವೂ ಬೇಡ. ದಡದ ಮೇಲೆ 20 ಮೀಟರು ಅಳೆದು ಎರಡು ಗೂಟಗಳನ್ನು ನೆಡಿರಿ. ಮೇಲಿನ ಗೂಟದ ನೇರಕ್ಕೆ ನಡುಹೊಳೆಯಲ್ಲಿ ಒಂದು ತೆಂಗಿನಕಾಯಿಯನ್ನು ತೇಲಬಿಟ್ಟು, ಕೆಳಗಿನ ಗೂಟದ ನೇರಕ್ಕೆ ಬರಲು ಎಷ್ಟು ಸೆಕೆಂಡಾಯಿತೆಂದು ಗಡಿಯಾರದಲ್ಲಿ ನೋಡಿರಿ. 72 ಎಂಬ ಸಂಖ್ಯೆಯನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಸೆಳವು ಗಂಟೆಗೆ ಎಷ್ಟು ಕಿಲೋಮೀಟರೆಂದು ದೊರೆಯುತ್ತದೆ. 18 ಸೆಕೆಂಡಾದರೆ ಸೆಳವು 4 ಕಿಲೋಮೀಟರು. 9 ಸೆಕೆಂಡಾದರೆ 8 ಕಿಲೋಮೀಟರು.

ತುಂಬಿದ ದೋಣಿಯ ವೇಗವು ಸೆಳವಿನ ಎರಡರಷ್ಟಾದರೂ ಇರಬೇಕೆಂಬುದನ್ನು ನಿಯಮವನ್ನಾಗಿ ಇಟ್ಟುಕೊಳ್ಳಬಹುದು. ನಮ್ಮ ಉದಾಹರಣೆಯ ದೋಣಿಯ ವೇಗವು ಹತ್ತು. ನಾಲ್ಕು ಕಿಲೋಮೀಟರು ಸೆಳವಿದ್ದರೆ ಎದುರಿಗೆ ಆರು ಕಿಲೋಮೀಟರಿನಂತೆ ಸಾಗಬಹುದು, ಭಯವಿಲ್ಲ. ಸೆಳವು ಎಂಟಾದರೆ ಎದುರಿಗೆ ಸಾಗುವುದು ಎರಡೇ ಕಿಲೋಮೀಟರು. ಎಂದರೆ ಮನುಷ್ಯನು ಮೆಲ್ಲನೆ ನಡೆಯುವುದಕ್ಕಿಂತಲೂ ಕಡಮೆ. ಯಂತ್ರವು ಒಂದು ಗಳಿಗೆ ನಿಂತರೂ ದೋಣಿಯು ಕೊಚ್ಚಿಹೋಗುವುದು.

ಇಂಥಾ ಸಂದರ್ಭದಲ್ಲಿ ದೊಡ್ಡ ಯಂತ್ರವೇ ಪರಿಹಾರವೆಂದು ಜನರು ಭಾವಿಸುವರು. ಆದರೆ ಹಿಂದೆ ಹೇಳಿದ ಅಲೆಯ ನಿಯಮವನ್ನು ಇಲ್ಲಿ ಸ್ಮರಿಸಬೇಕು. 20 ಅಡಿಯ ಭಾರದ ದೋಣಿಗೆ ಗಂಟೆಗೆ ಹನ್ನೊಂದು ಹನ್ನೆರಡು ಕಿಲೋಮೀಟರಿಗಿಂತ ಹೆಚ್ಚಿನ ವೇಗವನ್ನು ಯಾವ ಯಂತ್ರವೂ ಸುಲಭದಲ್ಲಿ ಕೊಡಲಾರದು. ಮಳೆಗಾಲದ ನೆರೆಯಲ್ಲಿ ಹೊಳೆಯ ವೇಗವು ದೋಣಿಯ ಮೇಲ್ಮಟ್ಟದ ವೇಗಕ್ಕೆ ಸಮೀಪಿಸಿದಾಗ, ಕಟ್ಟಿರುವುದು ಎಂಟು ಅಶ್ವಶಕ್ತಿಯಾಗಲಿ ನಲವತ್ತಾಗಲಿ ಫಲವೊಂದೇ. ಅಂಥಾ ನೀರನ್ನು ಅಶ್ವಶಕ್ತಿಯಿಂದ ಗೆಲ್ಲುವುದಾಗದು. ದಡದಲ್ಲಿ ಕಾಯುವುದೊಂದೇ ದಾರಿ. ದೊಡ್ಡ ಯಂತ್ರವು ದೋಣಿಗೆ ಬಲವನ್ನು ಕೊಡುವುದಕ್ಕಿಂತ ಹೆಚ್ಚಾಗಿ ನಡೆಸುವವನಿಗೆ ಸಲ್ಲದ ಧೈರ್ಯವನ್ನು ಕೊಡುತ್ತದೆ. ಅದರ ನಿಜವಾದ ಅಪಾಯವು ಇದೇ.

ದಂಡದ ಉದ್ದ ಮತ್ತು ತಿರುಗುರೆಕ್ಕೆ

ಅಶ್ವಶಕ್ತಿಯು ಸರಿಯಾಗಿದ್ದರೂ ಎರಡು ಅಂಶಗಳು ತಪ್ಪಿದರೆ ಯಂತ್ರವು ಕೆಲಸಕ್ಕೆ ಬಾರದು. ಮೊದಲನೆಯದು ನೀರಿಗಿಳಿಯುವ ದಂಡದ ಉದ್ದ. ಹಿಂದಿನ ಹಲಗೆಯ ಎತ್ತರವು 15 ಅಂಗುಲವಾದರೆ ಗಿಡ್ಡ ದಂಡದ್ದನ್ನೂ, 20 ಅಂಗುಲವಾದರೆ ಉದ್ದ ದಂಡದ್ದನ್ನೂ ಕೊಳ್ಳಬೇಕು. ಪ್ರೊಪೆಲರ್ ಎಂಬ ತಿರುಗುರೆಕ್ಕೆಯ ಮೇಲುಗಡೆ ಇರುವ ಚಪ್ಪಟೆ ತಟ್ಟೆಯು ದೋಣಿಯ ತಳದ ಮಟ್ಟಕ್ಕೆ, ಇಲ್ಲವೆ ಒಂದಂಗುಲದೊಳಗೆ ಕೆಳಕ್ಕೆ, ಬರುವಂತಿದ್ದರೆ ಸರಿ. ಮೇಲಾದರೆ ರೆಕ್ಕೆಯು ಗಾಳಿಯನ್ನು ಕಡೆದು ಬಲವನ್ನು ಕಳೆದುಕೊಳ್ಳುತ್ತದೆ. ತೀರಾ ಕೆಳಗಾದರೆ ನೀರಿನ ತಡೆಯು ಹೆಚ್ಚುವುದಲ್ಲದೆ ಮರಳುದಿಣ್ಣೆಗೆ ತಗಲುವ ಭಯವೂ ಇದೆ.

ಎರಡನೆಯದು ತಿರುಗುರೆಕ್ಕೆಯ ಓರೆ. ಒಂದು ಸುತ್ತಿಗೆ ರೆಕ್ಕೆಯು ಎಷ್ಟಂಗುಲ ಮುಂದುವರಿಯುವಂತೆ ತಿರುಚಲ್ಪಟ್ಟಿದೆಯೆಂಬುದೇ ಈ ಅಳತೆ. ಓರೆಯು ಹೆಚ್ಚಾದುದು ಹಗುರವಾದ ವೇಗದ ದೋಣಿಗೆ ತಕ್ಕದ್ದು. ಕಡಮೆಯಾದುದು ಭಾರದ ದೋಣಿಗೆ ತಕ್ಕದ್ದು. ತುಂಬಿದ ಲಾರಿಯನ್ನು ಘಾಟಿಯ ಏರಿನಲ್ಲಿ ಕೆಳಗಿನ ಗೇರಿನಲ್ಲಿ ಹತ್ತಿಸುವುದಿಲ್ಲವೆ? ಇದೂ ಅದೇ ನ್ಯಾಯ. ಯಂತ್ರದೊಡನೆ ಬರುವ ರೆಕ್ಕೆಯು ಅನೇಕವೇಳೆ ಹಗುರ ದೋಣಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಾಗಿರುತ್ತದೆ. ಪೂರ್ಣ ಭಾರದಲ್ಲಿ ಪೂರ್ತಿಯಾಗಿ ಬಿಟ್ಟಾಗ, ಮಾಡಿದವರು ಪುಸ್ತಕದಲ್ಲಿ ಬರೆದಿರುವಷ್ಟು ಸುತ್ತುಗಳನ್ನು ಯಂತ್ರವು ಮುಟ್ಟದೆ ಏದುತ್ತಿದ್ದರೆ ಓರೆಯು ಹೆಚ್ಚಾಯಿತೆಂದು ತಿಳಿಯಬೇಕು. ಆಗ ಯಂತ್ರವನ್ನು ಬದಲಾಯಿಸಬೇಕಾದುದಿಲ್ಲ. ಸ್ವಲ್ಪ ಬೆಲೆಯ ಮತ್ತೊಂದು ರೆಕ್ಕೆಯಿಂದಲೇ ಕೊರತೆಯು ತೀರುತ್ತದೆ. ಇದನ್ನರಿಯದೆ ಯಂತ್ರವನ್ನೇ ಮಾರಿ ದೊಡ್ಡದನ್ನು ಕೊಳ್ಳುವುದು ವ್ಯರ್ಥವಾದ ವೆಚ್ಚ.

ಊರಿನ ಮುಖ್ಯಸ್ಥರು ಗಮನಿಸತಕ್ಕ ಸಂಗತಿಗಳು

ಗ್ರಾಮದ ಕಡವಿನಲ್ಲಿ ಓಡಾಡುವ ದೋಣಿಗಳ ಕ್ಷೇಮವು ಊರಿನ ಹಿರಿಯರ ಮಾತಿನ ಮೇಲೂ ನಿಂತಿರುತ್ತದೆ. 2019ರ ಜನವರಿ 21ರಂದು ಕಾರವಾರದ ಸಮೀಪದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿಯೊಂದು ಮಗುಚಿ, ಮಕ್ಕಳೂ ಸೇರಿ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣವನ್ನು ಕಳೆದುಕೊಂಡರು. ಜಾತ್ರೆ, ಮದುವೆ, ಸಂತೆಗಳ ದಿನಗಳಲ್ಲಿ ಯಂತ್ರಕ್ಕೆ ಬಲವಿದೆಯೆಂಬ ನೆಪದಿಂದ ಜನರನ್ನು ತುಂಬುವುದು ಬಹಳ ಅನರ್ಥಕಾರಿಯಾದುದು. ಯಂತ್ರದ ಬಲವು ದೋಣಿಯನ್ನು ಮುಂದಕ್ಕೆ ತಳ್ಳಬಲ್ಲದೇ ಹೊರತು ನೀರಿನ ಮೇಲಕ್ಕೆ ಎತ್ತಿಹಿಡಿಯಲಾರದು. ತುಂಬಿದ ದೋಣಿಯ ಅಂಚು ನೀರಿನಿಂದ ಎಷ್ಟು ಮೇಲಿರಬೇಕೆಂಬುದಕ್ಕೆ ಹೊರಮೈಯಲ್ಲಿ ಒಂದು ಬಿಳಿಯ ಗೆರೆಯನ್ನು ಎಳೆಯಿಸಿ, ಆ ಗೆರೆಯು ಮುಳುಗಿದರೆ ದೋಣಿಯನ್ನು ಬಿಡಕೂಡದೆಂದು ಕಟ್ಟುಮಾಡತಕ್ಕದ್ದು. 20 ಅಡಿಯ ತೆರೆದ ದೋಣಿಗೆ, ನಿಂತ ನೀರಿನಲ್ಲಿ ಕೂಡಾ, ಒಂದು ಅಡಿಗೆ ಕಡಮೆಯಾಗದಂತೆ ಅಂಚು ಮೇಲಿರುವುದು ಲೇಸು.

ದೋಣಿಯಲ್ಲಿ ಕುಳಿತ ಪ್ರತಿಯೊಬ್ಬರಿಗೂ ತೇಲುವ ಅಂಗಿಯಿರಬೇಕು. ಯಂತ್ರವನ್ನು ನಡೆಸುವವನು ಅದರ ನಿಲುಗಡೆಯ ದಾರವನ್ನು ಕೈಗೋ ಸೊಂಟಕ್ಕೋ ಕಟ್ಟಿಕೊಂಡಿರಬೇಕು. ಅವನು ನೀರಿಗೆ ಬಿದ್ದರೆ ದಾರವು ಕಿತ್ತು ಯಂತ್ರವು ತಾನಾಗಿ ನಿಲ್ಲುವುದು. ಇಲ್ಲವಾದರೆ ನಡೆಸುವವರಿಲ್ಲದ ದೋಣಿಯು ಸುತ್ತುತ್ತಾ ಬಂದು ಬಿದ್ದವನನ್ನೇ ರೆಕ್ಕೆಗೆ ಸಿಕ್ಕಿಸಬಹುದು. ಎಷ್ಟು ಒಳ್ಳೆಯ ಯಂತ್ರವಿದ್ದರೂ ಒಂದು ಜೊತೆ ಹುಟ್ಟುಗಳನ್ನೂ ಒಂದು ಬಿದಿರ ಗಳುವನ್ನೂ ದೋಣಿಯಲ್ಲಿ ತಪ್ಪದೆ ಇಟ್ಟಿರತಕ್ಕದ್ದು.

ಕಾನೂನಿನ ವಿಷಯವಾಗಿಯೂ ಎರಡು ಮಾತುಗಳನ್ನು ಹೇಳಬೇಕಾಗಿದೆ. 1917ರ ಒಳನಾಡು ಹಡಗುಗಳ ಶಾಸನಕ್ಕೆ ಬದಲಾಗಿ 2021ರಲ್ಲಿ ಹೊಸ ಶಾಸನವಾಗಿದೆ. ಯಂತ್ರದಿಂದ ನಡೆಯುವ ದೋಣಿಗಳ ನೋಂದಣಿಯನ್ನೂ ತಪಾಸಣೆಯನ್ನೂ ಕುರಿತು ಅದರಲ್ಲಿ ವಿಧಿಗಳುಂಟಾದ್ದರಿಂದ, ಯಂತ್ರವನ್ನು ಕೊಳ್ಳುವ ಮೊದಲೇ ಸಂಬಂಧಪಟ್ಟ ಅಧಿಕಾರಿಗಳಲ್ಲಿ ವಿಚಾರಿಸುವುದು ಕ್ಷೇಮ. ಕರಾವಳಿಯಲ್ಲಿ ಮೀನುಗಾರಿಕೆಗೂ ದೋಣಿಯನ್ನು ಉಪಯೋಗಿಸುವವರು ಮತ್ತೊಂದನ್ನು ತಿಳಿದಿರಬೇಕು. ಇತ್ತೀಚಿನ ವರ್ಷಗಳಲ್ಲಿ ಜೂನ್, ಜುಲೈ ತಿಂಗಳುಗಳ ಮೀನುಗಾರಿಕೆಯ ನಿಷೇಧದ ಆಜ್ಞೆಗಳಲ್ಲಿ, ಹತ್ತು ಅಶ್ವಶಕ್ತಿಯವರೆಗಿನ ಯಂತ್ರವುಳ್ಳ ನಾಡದೋಣಿಗಳಿಗೆ ವಿನಾಯಿತಿಯನ್ನು ಕೊಟ್ಟು, ಅದಕ್ಕೆ ಮೇಲ್ಪಟ್ಟವನ್ನು ನಿಷೇಧಕ್ಕೆ ಒಳಪಡಿಸುತ್ತ ಬಂದಿರುವರು. ಒಂದೆರಡು ಅಶ್ವಶಕ್ತಿಯ ಆಸೆಗಾಗಿ ಎರಡು ತಿಂಗಳ ಜೀವನೋಪಾಯವನ್ನು ಕಳೆದುಕೊಳ್ಳಬಾರದು.

ಉಪಸಂಹಾರ

ಮೇಲೆ ಹೇಳಿದುದನ್ನೆಲ್ಲಾ ಸಂಗ್ರಹಿಸಿದರೆ, ಯಂತ್ರವನ್ನು ಕೊಳ್ಳುವವನು ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಐದು ಅಂಕಿಗಳನ್ನು ಬರೆದುಕೊಳ್ಳಬೇಕು. ನೀರಿಗೆ ತಾಗುವ ದೋಣಿಯ ಉದ್ದ. ಹಿಂದಿನ ಹಲಗೆಯ ಅಗಲ. ಆ ಹಲಗೆಯ ಎತ್ತರ. ಜನ ಸರಕು ಯಂತ್ರ ಸಹಿತವಾದ ಒಟ್ಟು ತೂಕ. ದೋಣಿಯು ಓಡಾಡುವ ಹೊಳೆಯ ಸೆಳವು. ಉದ್ದದಿಂದ ವೇಗದ ಮಿತಿಯೂ, ತೂಕದಿಂದ ಬೇಕಾದ ಅಶ್ವಶಕ್ತಿಯೂ, ಹಲಗೆಯ ಅಗಲದಿಂದ ಮೀರಬಾರದ ಅಶ್ವಶಕ್ತಿಯೂ, ಎತ್ತರದಿಂದ ದಂಡದ ಉದ್ದವೂ, ಸೆಳವಿನಿಂದ ಎಂಥಾ ದಿನಗಳಲ್ಲಿ ದೋಣಿಯನ್ನು ನೀರಿಗಿಳಿಸಬಾರದೆಂಬುದೂ ಗೊತ್ತಾಗುವುವು. ಸಾಧ್ಯವಾದರೆ ಅಂಥಾದ್ದೇ ದೋಣಿಗೆ ಯಂತ್ರವನ್ನು ತಗಲಿಸಿರುವ ನೆರೆಯವರೊಡನೆ, ತುಂಬಿದ ಭಾರದಲ್ಲಿ, ಒಂದು ಸಾರಿ ಹೋಗಿ ನೋಡಿ ಬರುವುದು ಉತ್ತಮ.

ಉಳುವವನು ಎತ್ತುಗಳನ್ನು ಕೊಳ್ಳುವಾಗ ನೊಗಕ್ಕೂ ನೆಲಕ್ಕೂ ಹೊಂದುವ ಜೋಡಿಯನ್ನು ಆರಿಸುವನೇ ಹೊರತು ಜಾತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡದಾದುದನ್ನು ಹಿಡಿದು ತರುವುದಿಲ್ಲ. ನೀರಿನ ಮೇಲಣ ಕುದುರೆಗಳನ್ನು ಕೊಳ್ಳುವಾಗಲೂ ಇದೇ ವಿವೇಕವನ್ನು ಉಪಯೋಗಿಸಿದರೆ, ಸರಕು ದಡಕ್ಕೆ ಸೇರುವುದು, ಹಣವು ಪೆಟ್ಟಿಗೆಯಲ್ಲಿ ಉಳಿಯುವುದು, ದೋಣಿಯಲ್ಲಿ ಹೋದವರು ಸಾಯಂಕಾಲಕ್ಕೆ ಸುಖವಾಗಿ ಮನೆಗೆ ಹಿಂದಿರುಗುವರು.